ನೀರುನಾಯಿ ಗುಹೆಯೊಳಗೆ ಮೂವರು

ಕಬ್ಬಿಣದ ಗೇಟು ಮುಚ್ಚಿಕೊಂಡ ಸದ್ದು ಮೆಟ್ಟಿಲಿಳಿದು ಕೆಳಗಿನ ಕೋಣೆಯವರೆಗೂ ಬಂತು. ಅದರ ಬೆನ್ನಿಗೇ ಇನ್ನೊಂದು ಸಣ್ಣ ಸದ್ದು. ಬೀಗ ಕೂತ ಸದ್ದು.

"ಗಾಳಿ ಇರ್ಬೇಕು," ಎಂದಳು ಊನಾ ಕ್ವಿಲ್ಟಿ.

"ಗಾಳಿಗೆ ಗೇಟು ತಳ್ಳೋಕೆ ಬರತ್ತೆ ಮಗಳೇ. ಬೀಗ ಹಾಕೋಕೆ ಯಾರು ಹೇಳ್ಕೊಟ್ರು?" ಎಂದ ಅವಳ ಅಪ್ಪ ಮ್ಯಾಲಕಿ.

ಸಾರ್ಜೆಂಟ್ ಡರ್ವ್ಲಾ ಹೆಶನ್ ಆಗಲೇ ಮೆಟ್ಟಿಲೇರತೊಡಗಿದ್ದಳು. ಇಪ್ಪತ್ತೆರಡು ಮೆಟ್ಟಿಲು. ಮೇಲೆ ತಲುಪುವಷ್ಟರಲ್ಲಿ ಗೇಟಿನಾಚೆ ಯಾರೂ ಇರಲಿಲ್ಲ. ಸುತ್ತಲೂ ಬಾಣಲೆಯಂತೆ ಏರಿ ನಿಂತ ಹುಲ್ಲಿನ ಹೊಂಡ, ಅದರ ಮೇಲೆ ನವೆಂಬರ್ ತಿಂಗಳ ಬೂದು ಬಣ್ಣದ ಆಕಾಶ, ಎಡೆಬಿಡದೆ ಸುರಿಯುವ ಮಳೆ. ಅರ್ಧ ಗಂಟೆಯ ಹಿಂದೆ ಕೀಲಿಯ ಸಮೇತ ಸರಪಳಿಗೆ ತೂಗುಬಿಟ್ಟಿದ್ದ ಬೀಗ ಈಗ ಬಿಗಿಯಾಗಿ ಬಿದ್ದಿತ್ತು. ಕೀಲಿ ಮಾಯವಾಗಿತ್ತು.

ಅವಳು ಫೋನು ತೆಗೆದು ನೋಡಿದಳು. ಹೊಂಡದ ತಳಕ್ಕೆ ಸಿಗ್ನಲ್ ಬರುವುದಿಲ್ಲ. ಕೂಗಿದಳು. ಹೊಂಡ ಅವಳ ಕೂಗನ್ನು ಅವಳಿಗೇ ಹಿಂದಿರುಗಿಸಿತು.

ಕೂಗಿದರೂ ಕೇಳುವವರು ಯಾರು? ಕ್ಲೂನ್‌ವಾರಾ ಊರಿಗೆ ಊರೇ ಆ ಹೊತ್ತಿಗೆ ಹೋಟೆಲಿನಲ್ಲಿ ಕೂತು ಲಾರ್ಕನ್ ಟ್ಯಾನ್ಸಿಯ ಹೆಸರಿನಲ್ಲಿ ಸೂಪು ಕುಡಿಯುತ್ತಿತ್ತು. ಪ್ರವಾಸಿಗರಿಗೆ ಊರಿನ ಗೋಪುರ, ಹಿಟ್ಟಿನ ಗಿರಣಿ, ಹಲ್ಲುನೋವು ವಾಸಿ ಮಾಡುವ ಬಾವಿ, ಈ ನೀರುನಾಯಿ ಗುಹೆ ಇಷ್ಟನ್ನೂ ಒಂದೇ ಟಿಕೆಟ್ಟಿನಲ್ಲಿ ತೋರಿಸುತ್ತಿದ್ದ ಗೈಡ್ ಲಾರ್ಕನ್. ಎಂಟು ದಿನದ ಹಿಂದೆ ಗೋಪುರದ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದ. ಇಂದು ಬೆಳಿಗ್ಗೆ ಹನ್ನೊಂದಕ್ಕೆ ಮಣ್ಣು ಮಾಡಿದ್ದರು. ಏಣಿ ಹತ್ತಿ ಬಿದ್ದ ಎಂದು ಊರು ಹೇಳಿತು. ಅವನ ಉಗುರಿನ ಸಂದಿಯಲ್ಲಿದ್ದ ಕೆಂಪು ಜೇಡಿಮಣ್ಣು ಬೇರೆಯೇ ಹೇಳಿತು. ಗೋಪುರದ ಸುತ್ತ ಇರುವುದು ಬರೀ ಜಲ್ಲಿ.

ಕೆಂಪು ಜೇಡಿಮಣ್ಣು ಇರುವ ಜಾಗ ಸುತ್ತಮುತ್ತ ಒಂದೇ. ಅದಕ್ಕೇ ಡರ್ವ್ಲಾ ಸ್ಮಶಾನದಿಂದ ನೇರವಾಗಿ ಗುಹೆಯ ಮಾಲೀಕ ಮ್ಯಾಲಕಿಯನ್ನೂ, ಪ್ರವಾಸಿ ಸಮಿತಿಯ ಕಾರ್ಯದರ್ಶಿಯಾದ ಅವನ ಮಗಳನ್ನೂ ಅವರದೇ ಜೀಪಿನಲ್ಲಿ ಇಲ್ಲಿಗೆ ಕರೆತಂದಿದ್ದಳು. ಮೂವರೂ ಇನ್ನೂ ಸಾವಿನ ಮನೆಯ ಕರಿ ಬಟ್ಟೆಯಲ್ಲೇ ಇದ್ದರು.

ಅವಳು ಕೆಳಗಿಳಿದು ಬಂದಾಗ ಮ್ಯಾಲಕಿ ನದಿಯ ಕಡೆ ನೋಡುತ್ತ ನಿಂತಿದ್ದ. ಕೋಣೆಯ ನಡುವೆ ಹರಿಯುವ ಕಪ್ಪು ನೀರು ಅವರು ಬಂದಾಗ ಕಾಲುವೆಯಷ್ಟಿತ್ತು. ಈಗ ನೆಲದ ಮೇಲೆ ಹರಡಿಕೊಂಡು ಮೊದಲ ಮೆಟ್ಟಿಲನ್ನು ಮುಟ್ಟಿತ್ತು.

"ಬೆಟ್ಟದಲ್ಲಿ ಮೂರು ದಿನದಿಂದ ಮಳೆ," ಎಂದ ಮುದುಕ. "ಇದು ಹೊರಗಿನಿಂದ ಬರೋ ನೀರಲ್ಲ ಸಾರ್ಜೆಂಟಮ್ಮಾ, ಒಳಗಿನಿಂದ ಏಳೋದು. ಮೊದಲು ಈ ಕೋಣೆ. ಆಮೇಲೆ ಮೆಟ್ಟಿಲು. ಆಮೇಲೆ ಗೇಟು. ಸಾಯಂಕಾಲಕ್ಕೆ ಹೊಂಡ ತುಂಬಿ ಕೆರೆ ಆಗತ್ತೆ, ಹಂಸ ಬಂದು ಕೂರತ್ತೆ. ಪ್ರತಿ ಚಳಿಗಾಲವೂ ಇದೇ ಕತೆ."

"ಎಷ್ಟು ಹೊತ್ತಿದೆ?"

"ಗೇಟಿನವರೆಗೆ ಬರೋಕಾ? ಒಂದೂವರೆ ಗಂಟೆ. ಹೋಟೆಲ್ನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಮುಗಿಯೋವರೆಗೆ ನಮ್ಮನ್ನ ಯಾರೂ ನೆನೆಸ್ಕೊಳಲ್ಲ. ಆಮೇಲೆ ಕೇಕು ಬೇರೆ ಇದೆ."

ಊನಾ ನಗಲಿಲ್ಲ. ಅವಳಿಗೆ ಮೂವತ್ತೆಂಟು. ಜುಲೈ ತಿಂಗಳಲ್ಲಿ ದಿನಕ್ಕೆ ಹನ್ನೊಂದು ಪ್ರವಾಸಿ ಬಸ್ಸುಗಳನ್ನು ಒಂದಕ್ಕೊಂದು ತಾಗದಂತೆ ಊರಿನೊಳಗೆ ಓಡಾಡಿಸುವ ಹೆಂಗಸು. ಈಗ ಗೋಡೆಗೆ ಅಂಟಿಕೊಂಡು ನಿಂತು ತನ್ನ ಕೈಗವಸನ್ನು ಹಾಕುತ್ತಿದ್ದಳು, ತೆಗೆಯುತ್ತಿದ್ದಳು.

ಡರ್ವ್ಲಾ ಕುತ್ತಿಗೆಯ ಪಟ್ಟಿಯ ಮೇಲಿನ ಗುಂಡಿ ಬಿಚ್ಚಿದಳು. ಒಂಬತ್ತು ವರ್ಷದವಳಿದ್ದಾಗ ಶಾಲೆಯವರು ಇದೇ ಕೋಣೆಗೆ ಕರೆತಂದಿದ್ದರು. ನಿಜವಾದ ಕತ್ತಲೆ ಹೇಗಿರುತ್ತದೆಂದು ತೋರಿಸಲು ಆಗಿನ ಗೈಡು ಒಂದು ನಿಮಿಷ ದೀಪ ಆರಿಸಿದ್ದ. ಉಳಿದ ಮಕ್ಕಳು ಕಿಲಕಿಲ ನಕ್ಕಿದ್ದರು. ಅವಳು ಪಕ್ಕದಲ್ಲಿದ್ದ ಟೀಚರ್ ಕೋಟನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು.

ಆ ನೆನಪನ್ನು ಪಕ್ಕಕ್ಕೆ ತಳ್ಳಿ, ಗೇಟು ಮುಚ್ಚುವ ಮೊದಲು ತಾನು ನೋಡುತ್ತಿದ್ದ ಜಾಗಕ್ಕೆ ಮತ್ತೆ ಕಣ್ಣು ಹಾಯಿಸಿದಳು. ಕೋಣೆಯ ಬಲಕ್ಕೆ ಎರಡಾಳೆತ್ತರದಲ್ಲಿ ಒಂದು ಬಂಡೆಯ ಚಾಚು, ಅದಕ್ಕೆ ಕಬ್ಬಿಣದ ಕಟಕಟೆ. ಊರವರು ಅದನ್ನು ಪಾದ್ರಿಯ ಪೀಠ ಎನ್ನುತ್ತಾರೆ. ಕಟಕಟೆಯ ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕೆಂಪಾಗಿದ್ದವು. ಎರಡನ್ನು ಬಿಟ್ಟು. ಆ ಎರಡು ಹೊಸ ನಾಣ್ಯದಂತೆ ಹೊಳೆಯುತ್ತಿದ್ದವು.

"ಆ ಬೋಲ್ಟು ಯಾವಾಗ ಹಾಕಿದ್ದು ಊನಾ?"

"ಬೇಸಿಗೇಲಿ ಇರ್ಬೇಕು."

"ಇಲ್ಲಿ ಒಂದು ಚಳಿಗಾಲ ಬೇಡ, ಒಂದು ತಿಂಗಳಿಗೇ ಕಬ್ಬಿಣಕ್ಕೆ ತುಕ್ಕು ಬರತ್ತೆ."

"ಹಾಗಾದ್ರೆ ಹೋದ ವಾರ. ಸಾವಿರ ಕೆಲಸ ಇರತ್ತೆ, ಎಲ್ಲಾ ತಲೇಲಿ ಇರತ್ತಾ?"

ಡರ್ವ್ಲಾ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣಿಗೆ ಮೆಟ್ಟಿಲ ಬುಡದ ಗೋಡೆಯಲ್ಲಿದ್ದ ಮರದ ಪೆಟ್ಟಿಗೆ ಬಿತ್ತು. ಹೊಂಡದ ಅಂಚಿನಲ್ಲಿರುವ ಟಿಕೆಟ್ ಗೂಡಿಗೂ ಈ ಕೋಣೆಗೂ ನಡುವೆ ಒಂದು ಹಳೇ ತಿರುಗಣೆ ಟೆಲಿಫೋನು. ಒಂದು ಗುಂಪು ಮುಗಿದೊಡನೆ ಗೈಡು ಇದನ್ನು ತಿರುಗಿಸಿ ಮುಂದಿನ ಗುಂಪನ್ನು ಕರೆಯುತ್ತಿದ್ದ.

"ಮೇಲೆ ಯಾರಿದ್ದಾರೆ ಅಂತ ತಿರುಗಿಸ್ತೀರಾ? ಗೂಡಿಗೆ ಅಕ್ಟೋಬರ್‌ನಲ್ಲೇ ಬೀಗ ಬಿತ್ತು," ಎಂದಳು ಊನಾ.

ಡರ್ವ್ಲಾ ತಿರುಗಿಸಿದಳು. ಮೇಲೆಲ್ಲೋ ಗಂಟೆ ಬಡಿದದ್ದು ತಂತಿಯೊಳಗೆ ಸಣ್ಣಗೆ ಕೇಳಿತು. ನಾಲ್ಕು ಸಲ. ಐದು ಸಲ.

ಯಾರೋ ಎತ್ತಿಕೊಂಡರು.

ಉಸಿರಾಟ ಮಾತ್ರ ಕೇಳಿಸಿತು.

"ನಾನು ಸಾರ್ಜೆಂಟ್ ಹೆಶನ್. ಯಾರದು?"

"ಸಾರ್ಜೆಂಟಾ?" ಹೆಣ್ಣು ದನಿ, ಹಳೇ ರಿಸೀವರ್‌ನಿಂದ ಕೋಣೆಗೆಲ್ಲ ಕೇಳುವಷ್ಟು ಜೋರಾಗಿತ್ತು. ಆ ದನಿಗೆ ನಿಜವಾಗಿಯೂ ಗಾಬರಿಯಾಗಿತ್ತು. "ನೀವು ಯಾಕೆ ಅಲ್ಲಿದ್ದೀರಾ? ನಾನು ಅವರ ಜೀಪು ಮಾತ್ರ ನೋಡ್ದೆ."

ಬೆಳಿಗ್ಗೆ ಗೋರಿಯ ಅಂಚಿನಲ್ಲಿ ನಿಂತು ಪ್ರತಿಯೊಬ್ಬರ ಕೈಕುಲುಕಿ "ಬಂದಿದ್ದಕ್ಕೆ ಉಪಕಾರ ಆಯ್ತು" ಎಂದಿದ್ದ ದನಿ. ಲಾರ್ಕನ್‌ನ ಹೆಂಡತಿ, ಗ್ರಾನ್ಯಾ.

"ಗ್ರಾನ್ಯಾ, ಗೇಟು ತೆಗೀರಿ. ನೀರು ಏಳ್ತಾ ಇದೆ."

"ಗೊತ್ತು."

"ಗ್ರಾನ್ಯಾ..."

"ನನ್ನ ಗಂಡನ್ನ ಮಣ್ಣಿಗೆ ಇಟ್ಟು ಎರಡು ಗಂಟೆ ಆಗಿಲ್ಲ ಸಾರ್ಜೆಂಟ್. ಹೋಟೆಲ್ ಕಿಟಕೀಲಿ ನಿಂತು ನೋಡ್ತೀನಿ, ಅಪ್ಪ ಮಗಳು ಊಟಕ್ಕೂ ಬರ್ದೆ ಗುಹೆ ಕಡೆ ಹೋಗ್ತಿದ್ದಾರೆ. ಏನು ತೊಳೆಯೋಕೆ? ಹೊಲ ದಾಟಿ ಓಡಿ ಬಂದೆ. ಬೀಗ ಕೈಗೆ ಸಿಕ್ತು, ಹಾಕ್ದೆ. ಈ ಗೂಡಿನ ಕೀಲಿ ಲಾರ್ಕನ್ ಗೊಂಚಲಲ್ಲೇ ಇತ್ತು."

"ಅವರನ್ನ ಕರ್ಕೊಂಡು ಬಂದಿದ್ದು ನಾನು."

"ಇರ್ಲಿ. ಈಗ ನನ್ನದೊಂದು ಪ್ರಶ್ನೆ ಇದೆ. ಉತ್ತರ ಬರ್ಲಿ, ತೆಗೀತೀನಿ." ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. "ಲಾರ್ಕನ್ ಬಲಗೈಗೆ ಎರಡು ಬೆರಳಿರ್ಲಿಲ್ಲ. ಮರ ಕೊಯ್ಯೋ ಗರಗಸಕ್ಕೆ ಹೋಗಿತ್ತು. ಅವನಿಗೆ ಶೂ ಲೇಸು ಕಟ್ಟೋಕೆ ಬರ್ತಿರ್ಲಿಲ್ಲ. ಹದಿನೆಂಟು ವರ್ಷ ನಾನೇ ಕಟ್ಟಿದ್ದೀನಿ. ಗುಹೆ ಕೆಲಸ ಇದ್ದ ದಿನ ಲೇಸಿಲ್ಲದ ರಬ್ಬರ್ ಗಮ್ ಬೂಟು ಹಾಕ್ಕೊಂಡು ಹೋಗ್ತಿದ್ದ. ಆ ಮಂಗಳವಾರವೂ ಗಮ್ ಬೂಟಲ್ಲೇ ಹೋದ. ಹೆಣದ ಕಾಲಲ್ಲಿ ಶೂ ಇತ್ತು."

"ಯಾವ ಶೂ?"

"ಈ ಗೂಡಲ್ಲಿ ಇಟ್ಟಿರ್ತಿದ್ದ ಹಳೇದು. ನಿನ್ನೆ ಆಸ್ಪತ್ರೆಯೋರು ಚೀಲದಲ್ಲಿ ಹಾಕಿ ಕೊಟ್ರು. ಲೇಸು ಕಟ್ಟಿದ ಹಾಗೇ ಇತ್ತು. ಅದು ನನ್ನ ಗಂಟಲ್ಲ ಸಾರ್ಜೆಂಟ್. ಎರಡು ಸುತ್ತು ಸುತ್ತಿ, ತುದಿನ ಒಳಗಡೆ ತೂರಿಸಿದ ಗಂಟು. ಕೇಳಿ ಅವರನ್ನ. ನನ್ನ ಗಂಡನ ಲೇಸು ಕಟ್ಟಿದ್ದು ಯಾರು?"

ಡರ್ವ್ಲಾ ತಿರುಗಿ ನೋಡುವಷ್ಟರಲ್ಲಿ ದೀಪಗಳೆಲ್ಲ ಆರಿಹೋದವು.

ಗುಹೆಯ ದೀಪದ ಸ್ವಿಚ್ಚು ಇದ್ದದ್ದೂ ಟಿಕೆಟ್ ಗೂಡಿನಲ್ಲೇ.

"ಅವನು ಜನಕ್ಕೆ ಒಂದು ನಿಮಿಷ ಕತ್ತಲೆ ತೋರಿಸ್ತಿದ್ನಲ್ಲ," ಎಂದಿತು ಕಿವಿಯೊಳಗಿನ ದನಿ. "ಇವರೂ ನೋಡ್ಲಿ."

ಕತ್ತಲೆ ಮುಖಕ್ಕೆ ಒದ್ದೆ ಬಟ್ಟೆಯಂತೆ ಅಂಟಿತು. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯದು. ನೀರಿನ ಸದ್ದು ಒಮ್ಮೆಗೇ ದೊಡ್ಡದಾಯಿತು. ಡರ್ವ್ಲಾಳ ಎದೆಯೊಳಗೆ ಒಂಬತ್ತು ವರ್ಷದ ಹುಡುಗಿ ಎದ್ದು ಕೂತಳು. ತಣ್ಣನೆಯದೇನೋ ಅವಳ ಶೂ ದಾಟಿ ಕಾಲ್ಚೀಲ ಸೇರಿತು. ಅವಳು ತಡವರಿಸಿ ಕೋಟಿನ ಜೇಬಿನಿಂದ ಟಾರ್ಚು ತೆಗೆದಳು. ಎರಡನೇ ಪ್ರಯತ್ನಕ್ಕೆ ಗುಂಡಿ ಸಿಕ್ಕಿತು.

ಬೆಳಕು ಮೊದಲು ಬಿದ್ದದ್ದು ಮ್ಯಾಲಕಿಯ ಕಾಲಿನ ಮೇಲೆ. ಸಾವಿಗೆಂದು ಪಾಲಿಶ್ ಮಾಡಿದ ಕರಿ ಶೂ. ಲೇಸು ಎರಡು ಸುತ್ತು ಸುತ್ತಿತ್ತು. ತುದಿ ಒಳಗೆ ತೂರಿಸಿತ್ತು.

ಮುದುಕ ಬೆಳಕನ್ನು ಹಿಂಬಾಲಿಸಿ ತನ್ನ ಶೂ ನೋಡಿಕೊಂಡ. ಮಗಳ ಕಡೆ ತಿರುಗಲಿಲ್ಲ. ಎರಡು ಹೆಜ್ಜೆ ನೀರಿನಲ್ಲಿ ನಡೆದು ಬಂದು ಡರ್ವ್ಲಾಳ ಕೈಯಿಂದ ರಿಸೀವರ್ ತೆಗೆದುಕೊಂಡ.

"ಗ್ರಾನ್ಯಾ, ನಾನು ಮ್ಯಾಲಕಿ. ಕಟ್ಟಿದ್ದು ನಾನು ಕಣಮ್ಮಾ."

"ಅಪ್ಪಾ!" ಎಂದಳು ಊನಾ.

"ನೀನು ಸುಮ್ನಿರು. ಗ್ರಾನ್ಯಾ, ಅವನು ಕಟಕಟೆ ಸರಿ ಇಲ್ಲ ಅಂತ ಹೇಳ್ತಾನೇ ಇದ್ದ. ಅದರ ಫೋಟೋ ತೆಗೆಯೋಕೆ ಒಬ್ನೇ ಬಂದಿದ್ದ. ಕಟಕಟೆ ಕಿತ್ಕೊಂಡು ಬಂತು. ನಾನು ಬಂದಾಗ ಬಿದ್ದಿದ್ದ. ಗುಹೇಲಿ ಸತ್ತ ಅಂತ ಗೊತ್ತಾದ್ರೆ ಗುಹೆ ಮುಚ್ಚಿಸ್ತಾರೆ, ಊರೇ ಮುಚ್ಚತ್ತೆ ಅಂತ ಗೋಪುರದ ಹತ್ರ ಇಟ್ಟೆ. ಗೋಪುರ ಸಾವಿರ ವರ್ಷದಿಂದ ನಿಂತಿದೆ, ಅದನ್ನ ಯಾರು ಏನು ಕೇಳ್ತಾರೆ ಅಂತ. ನಾನೊಬ್ನೇ ಮಾಡಿದ್ದು. ದೇವರು ನನ್ನನ್ನ ಕ್ಷಮಿಸಲ್ಲ, ನೀನೂ ಕ್ಷಮಿಸ್ಬೇಡ. ಆದ್ರೆ ಗೇಟು ತೆಗಿ, ಇವರಿಬ್ಬರು ಏನು ತಪ್ಪು ಮಾಡಿದ್ದಾರೆ?"

 ಆಮೇಲೆ ದೀಪ ಹತ್ತಿಕೊಂಡಿತು.

"ಬರ್ತಿದ್ದೀನಿ," ಎಂದಳು ಗ್ರಾನ್ಯಾ. ರಿಸೀವರ್ ಇಟ್ಟ ಸದ್ದು ಬಂತು.

ನೀರು ಮೂರನೇ ಮೆಟ್ಟಿಲಿಗೆ ಬಂದಿತ್ತು. ಊನಾ ಅಪ್ಪನ ತೋಳು ಹಿಡಿದು ಮೆಟ್ಟಿಲ ಕಡೆ ನಡೆಸಿದಳು. ಮ್ಯಾಲಕಿ ಏಡಿಯಂತೆ ಅಡ್ಡಡ್ಡ ಹತ್ತತೊಡಗಿದ. ಬಲಗಾಲು ಮುಂದೆ, ಎಡಗಾಲು ಎಳೆದುಕೊಂಡು, ಒಂದು ಕೈ ಸೊಂಟದ ಮೇಲೆ.

ಡರ್ವ್ಲಾ ಅವನ ಹಿಂದೆ ಹತ್ತುತ್ತಿದ್ದಳು. ಬೆಳಿಗ್ಗೆ ಸ್ಮಶಾನದಲ್ಲಿ ಇವನ ಟೋಪಿ ಗಾಳಿಗೆ ಬಿದ್ದಾಗ ಅದನ್ನು ಎತ್ತಿಕೊಟ್ಟದ್ದು ಅವಳೇ. ಬಗ್ಗೋಕಾಗಲ್ಲ ಕಣಮ್ಮಾ, ಸೊಂಟಕ್ಕೆ ಉಕ್ಕು ಹಾಕಿದ್ದಾರೆ ಎಂದಿದ್ದ.

ಎಂಟನೇ ಮೆಟ್ಟಿಲಿನಲ್ಲಿ ಅವಳು ನಿಂತಳು.

"ಮ್ಯಾಲಕಿ, ನಿಮ್ಮ ಬಲಗಾಲಿನ ಲೇಸು ಬಿಚ್ಚಿ ಮತ್ತೆ ಕಟ್ಟಿ."

"ಈಗಲಾ? ಕೆಳಗೆ ನದಿ ಅಟ್ಟಿಸ್ಕೊಂಡು ಬರ್ತಿದೆ, ನಿಮಗೆ ಲೇಸಾ?"

"ಈಗಲೇ."

ಮುದುಕ ಗೋಡೆ ಹಿಡಿದು ಬಗ್ಗಲು ನೋಡಿದ. ಕೈ ಮಂಡಿಯವರೆಗೆ ಹೋಯಿತು. ಮುಂದೆ ಹೋಗಲಿಲ್ಲ. ಮುಖ ಕೆಂಪಾಯಿತು. ಇನ್ನೊಮ್ಮೆ ಬಗ್ಗಿದ. ಹಣೆಯ ನರ ಉಬ್ಬಿತು. ಬಾಯಿಂದ ನೋವಿನ ಸಣ್ಣ ಸದ್ದು ಹೊರಟಿತು.

"ಸಾಕು," ಎಂದಳು ಊನಾ. "ಅಪ್ಪನ್ನ ಬಿಡಿ. ದಿನಾ ಬೆಳಿಗ್ಗೆ ಅವರ ಲೇಸು ಕಟ್ಟೋದು ನಾನು."

"ಊನಾ, ಬಾಯಿ ಮುಚ್ಚು."

"ಎಷ್ಟು ದಿನ ಅಪ್ಪಾ? ಎಂಟು ದಿನದಿಂದ ಕಣ್ಣು ಮುಚ್ಚಿಲ್ಲ ನಾನು." ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. "ಗುಹೆ ಬಾಗಿಲು ತೆರೆದಿತ್ತು. ಸಾಯಂಕಾಲ ನಾಲ್ಕಕ್ಕೆ ನಾನು ಬಂದು ನೋಡ್ದೆ, ಲಾರ್ಕನ್ ಅಲ್ಲಿ ಕೆಳಗಿದ್ದ. ಆ ಕಟಕಟೆ ಸರಿ ಮಾಡ್ಸು ಅಂತ ಮೂರು ಸಲ ಬರೆದಿದ್ದ. ಸೀಸನ್ ಮುಗೀಲಿ, ಸೀಸನ್ ಮುಗೀಲಿ ಅಂದೆ ನಾನು. ಅಪ್ಪ ಅವತ್ತು ಊರಲ್ಲೇ ಇರ್ಲಿಲ್ಲ, ಅವರಿಗೆ ಮಾರನೇ ದಿನ ಹೇಳ್ದೆ."

"ಒಬ್ಬಳೇ ಹೇಗೆ ಎತ್ತಿದೆ?" ಎಂದು ಕೇಳಿದಳು ಡರ್ವ್ಲಾ.

 ನೀರು ಕೆಳಗೆ ಟೆಲಿಫೋನ್ ಪೆಟ್ಟಿಗೆಯ ತಳ ಮುಟ್ಟಿ ಗಂಟೆಯನ್ನು ಒಮ್ಮೆ ಅಲುಗಿಸಿತು.

ಡರ್ವ್ಲಾ ಅವಳೆದುರು ಕುಕ್ಕರುಗಾಲಿನಲ್ಲಿ ಕೂತಳು. ಮುಂದಿನ ಮಾತು ಹೇಳಲೋ ಬೇಡವೋ ಎಂದು ಕ್ಷಣ ಯೋಚಿಸಿದಳು. ಹೇಳದೆ ದಾರಿಯಿರಲಿಲ್ಲ.

"ಊನಾ, ಹೆಣ ಕೊಯ್ದವರ ವರದಿ ನಿನ್ನೆ ಬಂತು. ಲಾರ್ಕನ್ ಬಿದ್ದ ಮೇಲೆ ಕನಿಷ್ಠ ಎರಡು ಗಂಟೆ ಬದುಕಿದ್ದ. ಸತ್ತಿದ್ದು ಪೆಟ್ಟಿನಿಂದಲ್ಲ. ಚಳಿಯಿಂದ. ಹೊರಗೆ, ಮಳೇಲಿ ಮಲಗಿ."

 ಊನಾ ತಲೆ ಅಲ್ಲಾಡಿಸತೊಡಗಿದಳು. ಅಲ್ಲಾಡಿಸುತ್ತಲೇ ಇದ್ದಳು.

"ಇಲ್ಲ. ಇಲ್ಲ. ಸತ್ತಿದ್ದಾನೆ ಅಂದ್ರು. ನಾಡಿ ನೋಡಿ ಹೇಳಿದ್ರು. ವ್ಯಾನಲ್ಲಿ ಅವನು ನರಳಿದ ಹಾಗೆ ಕೇಳಿಸ್ತು, ನಾನು ಕಿರುಚಿದೆ. ಹೆಣದ ಎದೇಲಿರೋ ಗಾಳಿ ಹಾಗೇ ಹೊರಗೆ ಬರತ್ತೆ ಊನಾ, ಹೆದರ್ಬೇಡ ಅಂದ್ರು. ಅವರಿಗಿಂತ ನನಗೆ ಗೊತ್ತಾ? ಏಸುವೇ, ಮರಿಯಮ್ಮಾ, ಕೆಂಪು ಮಣ್ಣು ಮೆತ್ತಿದ ಬೂಟು ಬಿಚ್ಚಿ ನಾನು ಅವನ ಕಾಲಿಗೆ ಶೂ ಹಾಕ್ದೆ. ಅವನ ಕಾಲು ಬೆಚ್ಚಗಿತ್ತು. ಬೆಚ್ಚಗಿತ್ತು ಅಂತ ಆಗ್ಲೇ ಅನ್ನಿಸ್ತು ನನಗೆ."

ಮ್ಯಾಲಕಿ ಗೋಡೆಗೆ ಹಣೆ ಹಚ್ಚಿ ನಿಂತ. ಮಗಳು ಈ ಮಾತನ್ನು ಅವನಿಗೂ ಹೇಳಿರಲಿಲ್ಲ.

"ಯಾರು ಊನಾ?" ಡರ್ವ್ಲಾ ಅವಳ ಎರಡೂ ಕೈ ಹಿಡಿದಳು. "ನಾಡಿ ನೋಡಿದ್ದು ಯಾರು? ನೀನು ಯಾರಿಗೆ ಫೋನ್ ಮಾಡಿದೆ?"

"ಡಾಕ್ಟರ್ ಕಿನಾನ್‌ಗೆ."

ಡರ್ವ್ಲಾ ಹಿಡಿದಿದ್ದ ಕೈಗಳನ್ನು ಬಿಟ್ಟಳು. ಪ್ರವಾಸಿ ಸಮಿತಿಯ ಅಧ್ಯಕ್ಷ. ಊರಿನ ಮೂರು ತಲೆಮಾರಿನ ಹೆರಿಗೆ ಮಾಡಿಸಿದ, ಮೂರು ತಲೆಮಾರಿನ ಕಣ್ಣು ಮುಚ್ಚಿಸಿದ ಮನುಷ್ಯ. ಬುಧವಾರ ಬೆಳಿಗ್ಗೆ ಗೋಪುರದ ಬುಡದಲ್ಲಿ ಮಂಡಿಯೂರಿ ಕೂತು, ಮೇಲಿಂದ ಬಿದ್ದ ಕೂಡಲೇ ಸತ್ತಿದ್ದಾನೆ, ಪಾಪ, ನೋವೇ ಗೊತ್ತಾಗಿರಲಿಕ್ಕಿಲ್ಲ ಎಂದು ಮೊದಲು ಬರೆದುಕೊಟ್ಟದ್ದೂ ಅವನೇ.

ನಾಡಿ ನೋಡುವುದರಲ್ಲಿ ನಲವತ್ತು ವರ್ಷ ತಪ್ಪದವನು ಆ ಒಂದು ದಿನ ಮಾತ್ರ ತಪ್ಪಿದನೇ?

"ಏಳಿ. ಮೇಲೆ ನಡೀರಿ. ಊನಾ, ಈ ಹೆಸರು ನೀನು ಇನ್ನು ಯಾರ ಹತ್ರಾನೂ ಎತ್ತಬಾರದು. ಗ್ರಾನ್ಯಾ ಹತ್ರಾನೂ. ನಾನು ಹೇಳೋವರೆಗೆ."

ನೀರು ಏಳನೇ ಮೆಟ್ಟಿಲು ದಾಟಿ ಅವರ ಹಿಂದೆಯೇ ಬಂತು. ಇಬ್ಬರೂ ಸೇರಿ ಮುದುಕನನ್ನು ಅರ್ಧ ಎತ್ತಿಕೊಂಡು ಹತ್ತಿಸಿದರು. ಗೇಟಿನ ಸರಳುಗಳ ನಡುವಿನ ಬೂದು ಬೆಳಕು ಕಂಡಾಗ ಡರ್ವ್ಲಾಳಿಗೆ ಅಳು ಬರುವಷ್ಟು ಸಮಾಧಾನವಾಯಿತು. ಮುಖವನ್ನು ಸರಳಿಗೆ ಒತ್ತಿ ಗಾಳಿ ಎಳೆದುಕೊಂಡಳು.

ಗ್ರಾನ್ಯಾ ಹೊಂಡದ ಇಳಿಜಾರಿನಲ್ಲಿ ಜಾರುತ್ತ, ಹುಲ್ಲು ಹಿಡಿಯುತ್ತ ಇಳಿದು ಬರುತ್ತಿದ್ದಳು. ಕರಿ ಕೋಟು ನೆನೆದು ಮೈಗೆ ಅಂಟಿತ್ತು. ಬಲಗೈಯಲ್ಲಿ ಕೀಲಿ. ಅವಳು ಗೇಟಿನೆದುರು ಬಂದು ನಿಂತು ಮ್ಯಾಲಕಿಯ ಮುಖವನ್ನೇ ನೋಡಿದಳು.

"ನನ್ನ ಮದುವೇಲಿ ಪಿಟೀಲು ಬಾರಿಸಿದ್ದು ನೀವು," ಎಂದಳು.

ಮ್ಯಾಲಕಿ ಕಣ್ಣೆತ್ತಲಿಲ್ಲ.

"ಗ್ರಾನ್ಯಾ, ಬೀಗ ಮೊದಲು. ಮಾತು ಆಮೇಲೆ," ಎಂದಳು ಡರ್ವ್ಲಾ.

ಗ್ರಾನ್ಯಾ ಬೀಗಕ್ಕೆ ಕೀಲಿ ಹಿಡಿದಳು. ಚಳಿಗೆ ಅವಳ ಬೆರಳು ನಡುಗಿ ಕೀಲಿ ತೂತಿಗೆ ಸೇರಲಿಲ್ಲ. ಮತ್ತೆ ನೋಡಿದಳು. ಜಾರಿತು.

"ಅಯ್ಯೋ, ನಿಲ್ಲಮ್ಮಾ. ಹೀಗೆ ನಡುಗ್ತಾ ಇದ್ರೆ ಬೀಗ ತೆಗೆಯೋಕಾಗತ್ತಾ?"

ಗಂಡಸಿನ ದನಿ ಹೊಂಡದ ಅಂಚಿನಿಂದ ಬಂತು. ಬಿಡಿಸಿದ ದೊಡ್ಡ ಕರಿ ಕೊಡೆ ಮೊದಲು ಕಾಣಿಸಿತು, ಅದರಡಿಯಲ್ಲಿ ಬಿಳಿ ಕೂದಲು, ಸಾವಿನ ಕರಿ ಟೈ. ಅವನು ಈ ಇಳಿಜಾರು ಚೆನ್ನಾಗಿ ಬಲ್ಲವನಂತೆ ಒಂದೇ ಒಂದು ಸಲವೂ ಜಾರದೆ ಇಳಿದು ಬಂದ.

"ಡಾಕ್ಟರೇ," ಎಂದಳು ಗ್ರಾನ್ಯಾ, ಮಗುವಿನಂತೆ.

"ಊಟದ ಮಧ್ಯದಲ್ಲಿ ಎದ್ದು ಹೋದ್ಯಂತೆ. ನಿನ್ನ ತಂಗಿ ಅಳ್ತಾ ಇದ್ದಾಳೆ. ಹುಡುಕ್ಕೊಂಡು ಬಂದೆ." ಕಿನಾನ್ ಅವಳ ತಲೆಯ ಮೇಲೆ ಕೊಡೆ ಹಿಡಿದ. "ಎಷ್ಟು ತಣ್ಣಗಾಗಿದ್ದೀಯಾ ನೋಡು. ಮೇಲೆ ಕಾರಿದೆ, ಬಾಗಿಲು ತೆರೆದಿದೆ, ಒಳಗೆ ಬೆಚ್ಚಗಿದೆ. ಹೋಗಿ ಕೂತ್ಕೋ. ಇವರನ್ನ ನಾನು ಕರ್ಕೊಂಡು ಬರ್ತೀನಿ. ಕೀಲಿ ಕೊಡು."

"ಕೊಡ್ಬೇಡಿ!" ಎಂದು ಡರ್ವ್ಲಾ ಕೂಗಿದಳು. "ಗ್ರಾನ್ಯಾ, ನೀವೇ ತೆಗೀರಿ! ಕೀಲಿ ಕೊಡ್ಬೇಡಿ!"

ಗ್ರಾನ್ಯಾ ಅವಳ ಕಡೆ ನೋಡಿದಳು. ಆ ನೋಟದಲ್ಲಿ ಎಂಟು ದಿನದ ನಿದ್ದೆಗೇಡು ಬಿಟ್ಟರೆ ಬೇರೇನೂ ಇರಲಿಲ್ಲ. ಹದಿನೆಂಟು ವರ್ಷದಿಂದ ತನ್ನ ಮನೆಯ ಜ್ವರ, ಕೆಮ್ಮು, ಗಂಡನ ಕತ್ತರಿಸಿದ ಬೆರಳು ಎಲ್ಲವನ್ನೂ ನೋಡಿಕೊಂಡ ಕೈ ಎದುರಿಗಿತ್ತು. ಅವಳು ಕೀಲಿಯನ್ನು ಆ ಕೈಯಲ್ಲಿಟ್ಟು, ಕೊಡೆ ತೆಗೆದುಕೊಂಡು, ಹುಲ್ಲಿನ ಇಳಿಜಾರು ಹತ್ತತೊಡಗಿದಳು.

"ಗ್ರಾನ್ಯಾ!"

ಮಳೆಯ ಸದ್ದು, ಕೆಳಗಿನಿಂದ ಏರುವ ನೀರಿನ ಸದ್ದು. ಅವಳು ತಿರುಗಿ ನೋಡಲಿಲ್ಲ.

ಕಿನಾನ್ ಕೊಡೆಯಿಲ್ಲದೆ ಮಳೆಯಲ್ಲಿ ನಿಂತಿದ್ದ. ಅವಳು ಅಂಚು ದಾಟುವವರೆಗೂ ಕಾದ. ಆಮೇಲೆ ಸರಳುಗಳ ಹತ್ತಿರ ಬಂದು, ಡರ್ವ್ಲಾಳ ಭುಜದಾಚೆ ನೋಡುತ್ತ, ಅವಳ ಹಿಂದೆ ಗೋಡೆಗಂಟಿ ನಿಂತಿದ್ದ ಊನಾಳನ್ನು ಮೃದುವಾಗಿ ಕೇಳಿದ:

"ಸಾರ್ಜೆಂಟ್‌ಗೆ ಎಷ್ಟು ಹೇಳ್ದೆ ಮಗೂ? ಎಲ್ಲಾ ಹೇಳ್ಬಿಟ್ಯಾ?"